ರಿಂಗಣ್ಣ ಕಟ್ಟಿದ ಕಂಬಗಳು

ಕಂಬಿ ಕಟ್ಟುವ ಕೆಲಸದಲ್ಲಿ ಮೂವತ್ತೈದು ವರ್ಷ ಸವೆದವರನ್ನು ಕೈ ನೋಡಿಯೇ ಗುರುತು ಹಿಡಿಯಬಹುದು. ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಟೀ ಲೋಟ ಹಿಡಿದಾಗಲೂ ಇಕ್ಕಳ ಹಿಡಿದ ಹಾಗೇ ಇರುತ್ತವೆ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ರಿಂಗಣ್ಣನವರ ಕೈ ಅಂಥದ್ದು. ಕಾಂಕ್ರೀಟು ಕಂಬದೊಳಗೆ ಉದ್ದಕ್ಕೆ ನಿಲ್ಲಿಸಿದ ಕಂಬಿಗಳನ್ನು ಬಿಗಿಯಾಗಿ ಹಿಡಿದಿಡಲು ಚೌಕಾಕಾರಕ್ಕೆ ಮಡಚಿದ ಸಣ್ಣ ಕಂಬಿ ಸುತ್ತುತ್ತಾರೆ. ಕೆಲಸದವರು ಅದಕ್ಕೆ ರಿಂಗ್ ಅನ್ನುತ್ತಾರೆ. ಹರೆಯದಲ್ಲಿ ಇವರಷ್ಟು ಚುರುಕಾಗಿ ರಿಂಗ್ ಮಡಚುವವರು ಇರಲಿಲ್ಲವಂತೆ. ಹೆಸರು ಅಲ್ಲಿಂದ ಅಂಟಿಕೊಂಡಿತು. ಹೆಂಡತಿ ಕೂಡ "ನಮ್ಮ ರಿಂಗಣ್ಣ ಇನ್ನೂ ಎದ್ದಿಲ್ಲ ಕಣೇ" ಎಂದು ನನ್ನ ಹತ್ತಿರ ನಗುತ್ತಿದ್ದರು. ಅವರನ್ನು ಅಣ್ಣ ಅಂದ ಮೇಲೆ ಇವರನ್ನು ನಾನು ಅತ್ತಿಗೆ ಅನ್ನಲೇಬೇಕಾಯಿತು.

ನಾನು ಮೊದಲ ಮಹಡಿಯವಳು. ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಕಟ್ಟಡದ ಸಂಘದ ಕಾರ್ಯದರ್ಶಿ ಎಂಬ ಪಟ್ಟವನ್ನು ನನ್ನ ತಲೆಗೆ ಕಟ್ಟಿದ್ದರು. ಇದ್ದದ್ದು ಆರು ಮನೆ, ಮಹಡಿಗೆ ಎರಡರಂತೆ. ನೆಲಮಹಡಿಯಲ್ಲಿ ಅರ್ಧ ಗಾಡಿ ನಿಲ್ಲಿಸುವ ಜಾಗ, ಇನ್ನರ್ಧ ಟೈಲ್ಸ್ ಅಂಗಡಿ. ಇಡೀ ಕಟ್ಟಡವನ್ನು ಹೊತ್ತು ನಿಂತಿದ್ದ ಹನ್ನೆರಡು ಕಂಬಗಳಲ್ಲಿ ಆರು ಆ ಕಡೆ, ಆರು ಈ ಕಡೆ. ಹನ್ನೆರಡಕ್ಕೂ ಕಂಬಿ ಕಟ್ಟಿದ್ದು ರಿಂಗಣ್ಣನವರೇ. ಕೆಲಸ ಮುಗಿದಾಗ ಕಂಟ್ರಾಕ್ಟರು ಮೇಲಿನ ಸಣ್ಣ ಮನೆಯನ್ನು ಅವರಿಗೇ ಬಿಟ್ಟುಕೊಟ್ಟಿದ್ದರು. "ನಾನೇ ಕಟ್ಟಿದ ಮನೇಲಿ ನಾನೇ ಮಲಗ್ತೀನಿ. ಎಷ್ಟು ಜನ ಕೂಲಿಯವರಿಗೆ ಸಿಗುತ್ತೆ ಹೇಳು ತಂಗಿ?" ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ನಮ್ಮದು ಆಗಾಗ ನೆಲ ಅಲುಗುವ ಊರು. ವರ್ಷಕ್ಕೆ ಎರಡು ಮೂರು ಸಲ ದೀಪ ತೂಗುತ್ತದೆ, ಪಾತ್ರೆ ಗಲಗಲ ಅನ್ನುತ್ತದೆ. ಜನ ಒಂದು ಗಳಿಗೆ ಮುಖ ಮುಖ ನೋಡಿಕೊಂಡು ಕೆಲಸ ಮುಂದುವರಿಸುತ್ತಾರೆ. ಮೇಲಿನ ಮನೆಯವರು ಮಂಚ ಎಳೆದರೇನೋ ಎಂದು ನಗುತ್ತಾರೆ. ಐದು ವರ್ಷದ ಹಿಂದೆ ಪಕ್ಕದ ಊರಿನಲ್ಲಿ ದೊಡ್ಡದೇ ಬಂತು. ಅವಶೇಷದಲ್ಲಿ ಸಿಕ್ಕವರನ್ನು ಹೊರತೆಗೆಯಲು ಕಂಬಿ ಕತ್ತರಿಸುವವರು ಬೇಕು ಎಂದು ಕೇಳಿದಾಗ, ಕೆಲಸ ಬಿಟ್ಟು ನಾಲ್ಕು ವರ್ಷವಾಗಿದ್ದ ರಿಂಗಣ್ಣ ಚೀಲ ಹೆಗಲಿಗೇರಿಸಿ ಹೊರಟರು. ಎಂಟು ದಿನ ಅಲ್ಲಿದ್ದರು. ತಿರುಗಿ ಬಂದವರು ಒಂದು ತಿಂಗಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಗಾಡಿ ನಿಲ್ಲಿಸುವ ಜಾಗಕ್ಕೆ ಇಳಿದು ಕಂಬದ ಮೇಲೆ ಅಂಗೈ ಇಟ್ಟುಕೊಂಡು ನಿಂತುಬಿಡುತ್ತಿದ್ದರು. ಕೇಳಿದರೆ "ಏನಿಲ್ಲ ತಂಗಿ" ಅನ್ನುತ್ತಿದ್ದರು.

ಆಮೇಲೆ ಅವರ ಮನೆಯೊಳಗೆ ಬದಲಾವಣೆ ಶುರುವಾಯಿತು. ಬಟ್ಟೆ ಬೀರುವನ್ನು ಗೋಡೆಗೆ ಬಿಗಿದರು. ಅಟ್ಟದ ಮೇಲಿದ್ದ ದಪ್ಪ ಪಾತ್ರೆಗಳೆಲ್ಲ ನೆಲಕ್ಕಿಳಿದವು. ಮಂಚ ಕಿಟಕಿಯ ಗಾಜಿನಿಂದ ದೂರ ಸರಿಯಿತು, ಗ್ಯಾಸ್ ಸಿಲಿಂಡರಿಗೆ ಸರಪಳಿ ಬಿತ್ತು. ಬಾಗಿಲ ಬಳಿ ಒಂದು ಚೀಲ: ನೀರಿನ ಬಾಟಲಿ, ಟಾರ್ಚು, ಅತ್ತಿಗೆಯ ಮಾತ್ರೆ, ಮನೆಪತ್ರ, ಒಂದು ಸೀಟಿ. "ಸೀಟಿ ಯಾಕ್ರೀ, ಈ ವಯಸ್ಸಲ್ಲಿ ಯಾರಿಗೆ ಹೊಡೀಬೇಕು?" ಎಂದು ಅತ್ತಿಗೆ ಕೇಳಿದ್ದಕ್ಕೆ ಅವರು ನಗಲಿಲ್ಲವಂತೆ. "ಅಡಿಯಲ್ಲಿ ಸಿಕ್ಕೊಂಡ್ರೆ ಕೂಗೋಕೆ ಗಂಟಲಲ್ಲಿ ಧೂಳು ತುಂಬಿರುತ್ತೆ. ನೋಡ್ಕೊಂಡು ಬಂದಿದ್ದೀನಿ" ಅಂದರಂತೆ.

ದಿನಾ ಬೆಳಿಗ್ಗೆ ಕವಾಯತು ಬೇರೆ. "ಕೂತ್ಕೋ, ಮುಚ್ಕೋ, ಹಿಡ್ಕೋ" ಎಂದು ರಿಂಗಣ್ಣ ಕೂಗಿದರೆ ಅತ್ತಿಗೆ ಮೇಜಿನಡಿ ಕೂತು, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳಬೇಕು. ಆಕೆಗೋ ಮಂಡಿ ಮಡಚುವುದೇ ಕಷ್ಟ. ಅವರು ಕೂರುವಷ್ಟರಲ್ಲಿ ಎರಡು ಭೂಕಂಪ ಬಂದು ಹೋಗಿರುತ್ತಿತ್ತು. ಅದಕ್ಕೆ ರಿಂಗಣ್ಣ ದಪ್ಪ ಕಂಬಿ ತಂದು, ವೆಲ್ಡಿಂಗ್ ಮಾಡಿಸಿ, ಎತ್ತರದ ಮೇಜೊಂದನ್ನು ತಯಾರು ಮಾಡಿದರು. ಒಳಗೆ ಕುರ್ಚಿ ಇಟ್ಟುಕೊಂಡು ಕೂರಬಹುದು. "ಗಂಡಂದಿರು ಒಡವೆ ಮಾಡಿಸ್ತಾರೆ, ನಮ್ಮೆಜಮಾನ್ರು ನಂಗೆ ಪಂಜರ ಮಾಡಿಸಿದ್ದಾರೆ" ಎಂದು ಅತ್ತಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಬಂದವರಲ್ಲಿ ದಿನಾ ಬರುತ್ತಿದ್ದವಳು ಗಿಣಿ. ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ ಇಪ್ಪತ್ತಮೂರರ ಹುಡುಗಿ. ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಅತ್ತಿಗೆ ಇಟ್ಟ ಹೆಸರು ಅದು. ಮಧ್ಯಾಹ್ನ ಬುತ್ತಿ ಹಿಡಿದು ಮೂರು ಮಹಡಿ ಹತ್ತಿ ಬಂದು ಅತ್ತಿಗೆಯ ಜೊತೆ ಉಣ್ಣುತ್ತಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಆ ಮುಕ್ಕಾಲು ಗಂಟೆ ಗಲಗಲ ಅನ್ನುತ್ತಿತ್ತು. ರಿಂಗಣ್ಣ ಅವಳಿಗೂ ಕಲಿಸಿದರು. ಹೇಳಿಕೊಟ್ಟದ್ದನ್ನು ಅವಳು ಆಟವಾಡುವ ಹುಡುಗಿಯ ಹಾಗೆ ಕಲಿತಳು. ಅಂಗಡಿಯ ಬಿಲ್ಲಿನ ಮೇಜಿನಡಿಯ ಹಳೇ ಡಬ್ಬಗಳನ್ನು ತೆಗೆಸಿ ಜಾಗ ಮಾಡಿಕೊಂಡಳು. "ಅಜ್ಜಾ, ನಾನು ಮೂರೇ ಸೆಕೆಂಡಲ್ಲಿ ಒಳಗೆ!" ಎಂದು ಬೀಗುತ್ತಿದ್ದಳು.

"ಶಹಬ್ಬಾಸ್. ಏನೇ ಆಗಲಿ ಓಡಬಾರದು. ಓಡೋರ ಮೇಲೇನೇ ಗಾಜು, ಇಟ್ಟಿಗೆ ಬೀಳೋದು" ಎಂದು ರಿಂಗಣ್ಣ ಹೇಳಿದ್ದನ್ನು ನಾನೂ ಕೇಳಿದ್ದೇನೆ.

ಒಂದು ಭಾನುವಾರ ಸಂಜೆ ತಾರಸಿಯ ಮೇಲೆ ಸಂಘದ ಸಭೆ. ನೀರಿನ ಟ್ಯಾಂಕಿನ ಮಾತು ಮುಗಿದ ಮೇಲೆ ರಿಂಗಣ್ಣ ಎದ್ದು ನಿಂತರು. ಸಭೆಯಲ್ಲಿ ಅವರು ಎದ್ದದ್ದನ್ನು ನಾವು ಅಲ್ಲಿಯವರೆಗೆ ನೋಡಿರಲಿಲ್ಲ.

"ಒಂದು ವಿಷಯ ಹೇಳ್ಬೇಕು. ಈ ಕಟ್ಟಡದ ಕಂಬ ಸರಿಯಿಲ್ಲ. ನಾಲ್ಕಂಗುಲಕ್ಕೆ ಒಂದು ರಿಂಗ್ ಹಾಕ್ಬೇಕಾದ ಕಡೆ ನಾನು ಹತ್ತಂಗುಲಕ್ಕೆ ಒಂದು ಹಾಕಿದ್ದೀನಿ. ತುದೀನ ಒಳಕ್ಕೆ ಮಡಚ್ಬೇಕಿತ್ತು, ಮಡಚಿಲ್ಲ. ಕಂಟ್ರಾಕ್ಟರ್ 'ಬೇಗ ಮುಗಿಸು' ಅಂದ್ರು, ಮುಗಿಸ್ದೆ. ಅಲ್ಲಿ ಬಿದ್ದ ಮನೆಗಳಲ್ಲೆಲ್ಲ ಇದೇ ತಪ್ಪು ನೋಡ್ದೆ. ರಿಂಗ್ ಬಿಚ್ಕೊಂಡು, ಕಂಬ ಸಿಪ್ಪೆ ಸುಲಿದ ಹಾಗೆ ಒಡೆದುಹೋಗಿತ್ತು."

ಕಂಟ್ರಾಕ್ಟರು ಸತ್ತು ಹತ್ತು ವರ್ಷವಾಗಿತ್ತು. ಬೈಯಲು ಸಿಕ್ಕವರು ರಿಂಗಣ್ಣ ಒಬ್ಬರೇ.

"ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?" ಎಂದು ಎರಡನೇ ಮಹಡಿಯ ಬ್ಯಾಂಕಿನವರು ಸಿಡಿದರು.

"ಗೊತ್ತಿರ್ಲಿಲ್ಲ ಸ್ವಾಮಿ. ಹೇಳಿದ್ದು ಮಾಡೋದು ಅಷ್ಟೇ ಗೊತ್ತಿತ್ತು."

"ಈಗ ಹೇಳಿ ಏನುಪಯೋಗ? ಈ ಮಾತು ಹೊರಗೆ ಹೋದ್ರೆ ಈ ಮನೆಗಳನ್ನ ಮೂಸಿ ನೋಡೋರೂ ಇರಲ್ಲ. ಕಾರ್ಯದರ್ಶಿಗಳೇ, ಇದನ್ನ ಪುಸ್ತಕದಲ್ಲಿ ಬರೀಬೇಡಿ."

ನಾನು ಬರೆಯಲಿಲ್ಲ. ನೀರಿನ ಟ್ಯಾಂಕಿನ ವಿಷಯ ಬರೆದು, ಸಭೆ ಮುಕ್ತಾಯವಾಯಿತು ಎಂದು ದುಂಡಗಿನ ಅಕ್ಷರದಲ್ಲಿ ಮುಗಿಸಿದೆ.

ಆದರೆ ರಿಂಗಣ್ಣ ಬಿಡುವ ಪೈಕಿಯಲ್ಲ. ನಗರಸಭೆಯ ಕಚೇರಿಗೆ ಅಲೆದು ಅಲೆದು ಒಬ್ಬ ಎಂಜಿನಿಯರಮ್ಮನನ್ನು ಕರೆದುಕೊಂಡು ಬಂದರು. ಆಕೆ ಒಂದು ಕಂಬದ ಗಾರೆ ಕೆತ್ತಿಸಿ ಒಳಗೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಉಪಾಯವನ್ನೇನೋ ಹೇಳಿದರು: ಪ್ರತಿ ಕಂಬದ ಸುತ್ತ ಹೊಸದಾಗಿ ಕಂಬಿ ಕಟ್ಟಿ, ಹೊಸ ಕಾಂಕ್ರೀಟು ಸುರಿದು ದಪ್ಪ ಮಾಡುವುದು, ಹಳೇ ಕಂಬಕ್ಕೆ ಕವಚ ತೊಡಿಸಿದ ಹಾಗೆ. ಹೊರಡುವಾಗ ಮೆಟ್ಟಿಲ ಬಳಿ ನಿಂತು "ಮಾಡಿದ್ರೆ ಹನ್ನೆರಡೂ ಮಾಡಿ. ಅರ್ಧಂಬರ್ಧ ಮಾತ್ರ ಬೇಡ" ಎಂದರು.

ಅಲ್ಲಿಗೆ ಬಂದು ನಿಂತಿತು ತೊಡಕು. ಆರು ಕಂಬ ಟೈಲ್ಸ್ ಅಂಗಡಿಯೊಳಗಿದ್ದವು. ಅಂಗಡಿಯ ಸಾಹುಕಾರರು ಕೆಟ್ಟವರಲ್ಲ. ಮನೆಗಳಲ್ಲಿ ಮದುವೆ, ಸಾವು ಅಂದರೆ ಮೊದಲು ಬಂದು ನಿಲ್ಲುತ್ತಿದ್ದವರು. ಆದರೆ ಎರಡು ತಿಂಗಳು ಅಂಗಡಿ ಮುಚ್ಚುವುದು ಅವರಿಂದಾಗಲಿಲ್ಲ.

"ರಿಂಗಣ್ಣ, ನಿಮಗೆ ಕೈ ಮುಗೀತೀನಿ. ಕಂಬ ಅಷ್ಟು ದಪ್ಪ ಆದ್ರೆ ಗಿರಾಕಿಗೆ ಒಳಗಿನ ಮಾಲೇ ಕಾಣಲ್ಲ. ಮುಂದಿನ ವರ್ಷ ನೋಡೋಣ."

"ಮುಂದಿನ ವರ್ಷದ ತನಕ ಅದು ಕಾಯುತ್ತೆ ಅಂತ ನಿಮಗ್ಯಾರು ಹೇಳಿದ್ರು ಸಾಹುಕಾರ್ರೇ?"

"ಮೂವತ್ತು ವರ್ಷ ಕಾದಿದೆಯಲ್ಲ."

ನಾಲ್ಕು ತಿಂಗಳು ಹೀಗೇ ಹಗ್ಗಜಗ್ಗಾಟವಾಯಿತು. ಕೊನೆಗೆ ರಿಂಗಣ್ಣನವರೇ ಸೋತು ನಮ್ಮನ್ನೆಲ್ಲ ಒಪ್ಪಿಸಿದರು: ಗಾಡಿ ನಿಲ್ಲಿಸುವ ಕಡೆಯ ಆರು ಕಂಬವನ್ನಾದರೂ ಮಾಡಿಬಿಡೋಣ, ಅದನ್ನು ನೋಡಿ ಸಾಹುಕಾರರ ಮನಸ್ಸು ತಿರುಗಬಹುದು. ಎಂಜಿನಿಯರಮ್ಮನ ಮಾತನ್ನು ನಾನು ನೆನಪಿಸಿದೆ. "ಏನೂ ಇಲ್ಲದ್ದಕ್ಕಿಂತ ಅರ್ಧ ಮೇಲಲ್ವಾ ತಂಗಿ?" ಎಂದರು. ನನಗೂ ಹಾಗೇ ಅನ್ನಿಸಿತು. ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಅರವತ್ತೆರಡರ ವಯಸ್ಸಿನಲ್ಲಿ ಅವರು ಮತ್ತೆ ಕಂಬಿ ಹಿಡಿದರು. ಕೂಲಿಯವರನ್ನು ಹತ್ತಿರ ಬಿಟ್ಟುಕೊಳ್ಳದೆ, ಒಂದೊಂದು ರಿಂಗನ್ನೂ ತಾವೇ ಮಡಚಿ, ಅಳತೆಪಟ್ಟಿ ಇಟ್ಟು ಕಟ್ಟಿದರು. ಸಂಜೆ ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತು ಏದುಸಿರು ಬಿಡುತ್ತಿದ್ದರು. ಆರನೇ ಕಂಬ ಮುಗಿದ ದಿನ ನಮ್ಮ ಮನೆಗೆ ಬಂದು ಕಾಫಿ ಕೇಳಿ ಕುಡಿದರು. ಅವರು ಹಗುರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ.

ಏಳು ತಿಂಗಳ ಮೇಲೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಅದು ಬಂತು. ನಾನು ಅಚ್ಚುಕೂಟದಲ್ಲಿದ್ದೆ. ಅದು ಒಂದೇ ಅಂತಸ್ತಿನ ಹಳೇ ಶೆಡ್ಡು, ಹೆಂಚು ಉದುರಿದ್ದು ಬಿಟ್ಟರೆ ನಮಗೇನೂ ಆಗಲಿಲ್ಲ. ಅರ್ಧ ಓಡಿ ಅರ್ಧ ನಡೆದು ನಮ್ಮ ಬೀದಿಗೆ ಬಂದರೆ ನಮ್ಮ ಕಟ್ಟಡ ಗಿಡ್ಡವಾಗಿತ್ತು. ಅಂಗಡಿಯ ಕಡೆಗೆ ಮೈ ತಿರುಚಿಕೊಂಡು ಕುಸಿದು ಕೂತಿತ್ತು. ರಸ್ತೆ ಮಟ್ಟದಲ್ಲಿ ನನ್ನ ಮನೆಯ ಬಾಲ್ಕನಿ ಇತ್ತು, ಒಣಹಾಕಿದ ನನ್ನ ಸೀರೆ ಹಾಗೇ ತೂಗುತ್ತಿತ್ತು. ಅದರ ಕೆಳಗೆ ಅಂಗಡಿ ಇರಲಿಲ್ಲ. ಗಾಡಿ ನಿಲ್ಲಿಸುವ ಕಡೆಯ ಆರು ಕಂಬ ಬಿರುಕುಬಿಟ್ಟು, ಓರೆಯಾಗಿ, ಆದರೂ ನಿಂತಿದ್ದವು.

ಮಾತ್ರೆ ತರಲು ಹೋಗಿದ್ದ ರಿಂಗಣ್ಣ ನನಗಿಂತ ಮೊದಲೇ ಬಂದಿದ್ದರು. ಕೈಯಲ್ಲಿ ಔಷಧಿ ಅಂಗಡಿಯ ಪೊಟ್ಟಣ ಹಾಗೇ ಇತ್ತು. ಮೇಲಿನಿಂದ ಸೀಟಿ ಕೇಳುತ್ತಿತ್ತು. ಒಂದೇ ಸಮನೆ, ಬಿಟ್ಟು ಬಿಟ್ಟು. ಅಗ್ನಿಶಾಮಕದವರು ಏಣಿ ಹಾಕಿ ಹತ್ತಿದಾಗ ಅತ್ತಿಗೆ ಪಂಜರದೊಳಗೆ ಕುರ್ಚಿಯ ಮೇಲೆ ಕೂತಿದ್ದರು. ಮೇಜಿನ ಮೇಲೆ ತಾರಸಿಯ ಒಂದು ತುಂಡು ಬಿದ್ದಿತ್ತು. ಗೋಡೆಗೆ ಬಿಗಿದ ಬೀರು ಗೋಡೆಯ ಜೊತೆಗೇ ನಿಂತಿತ್ತು. ಅವರ ಮೈಮೇಲೆ ಒಂದು ಗೀರಿಲ್ಲ. ಕೆಳಗೆ ಬಂದವರೇ ಅತ್ತಿಗೆ ಕೇಳಿದ ಮೊದಲ ಮಾತು "ಗಿಣಿ ಎಲ್ಲಿ?" ಎಂದು.

ಸಾಹುಕಾರರು ಎದುರಿನ ಕಟ್ಟೆಯ ಮೇಲೆ ಚಪ್ಪಲಿಯಿಲ್ಲದೆ ಕೂತಿದ್ದರು. ನೆಲ ಅಲುಗಿದಾಗ ಫೋನಿನಲ್ಲಿ ಮಾತಾಡುತ್ತ ಬಾಗಿಲ ಹತ್ತಿರವಿದ್ದರು, ರಸ್ತೆಗೆ ಹಾರಿದ್ದರು.

"ಬಾ ಅಂತ ಕೂಗ್ದೆ ರಿಂಗಣ್ಣ. ಎರಡು ಸಲ ಕೂಗ್ದೆ. ಬಾಗಿಲಿಗೆ ಆರು ಹೆಜ್ಜೆ. 'ಓಡಬಾರದು ಸಾರ್, ನೀವೂ ಬನ್ನಿ' ಅಂತ ಮೇಜಿನ ಕೆಳಗೆ ಹೋದ್ಲು."

ರಿಂಗಣ್ಣ ಪೊಟ್ಟಣವನ್ನು ನನ್ನ ಕೈಗಿತ್ತು ನೇರ ಅಗ್ನಿಶಾಮಕದ ಮುಖ್ಯಸ್ಥನ ಬಳಿಗೆ ಹೋದರು. "ಇಲ್ಲಿ ಕಂಬಿ ಎಲ್ಲೆಲ್ಲಿದೆ ನಂಗೆ ಗೊತ್ತು. ಕಟ್ಟಿದ್ದು ನಾನೇ" ಎಂದರು. ಆತ ಒಮ್ಮೆ ಅವರ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಎಲ್ಲಿ ಕೊರೆಯಬೇಕು, ಯಾವ ಕಂಬಿ ಕತ್ತರಿಸಿದರೆ ಮೇಲಿನದು ಜಾರುತ್ತದೆ, ಯಾವುದನ್ನು ಮುಟ್ಟಬಾರದು ಎಂದು ಆರು ಗಂಟೆ ಹೊತ್ತು ಬೆರಳಿಟ್ಟು ತೋರಿಸಿದರು. ಮತ್ತೆ ಮತ್ತೆ ನೆಲ ಅಲುಗಿ ಎಲ್ಲರೂ ಹಿಂದಕ್ಕೆ ಓಡುವರು. ಅವರೊಬ್ಬರು ಅಲ್ಲಿಂದ ಏಳಲಿಲ್ಲ. ಇಳಿಹೊತ್ತಿಗೆ ಮೇಜು ಸಿಕ್ಕಿತು. ಮಾಮೂಲಿ ಮರದ ಮೇಜು. ಮೂರು ಮಹಡಿಯ ಭಾರ ಅದಕ್ಕೆ ಯಾವ ಲೆಕ್ಕ? ಗಿಣಿ ಹೇಳಿಕೊಟ್ಟ ಹಾಗೇ ಕೂತಿದ್ದಳು. ಒಂದು ಕೈ ಕುತ್ತಿಗೆಯ ಮೇಲೆ, ಇನ್ನೊಂದು ಕೈ ಮೇಜಿನ ಕಾಲಿಗೆ. ಆ ಬೆರಳುಗಳನ್ನು ಬಿಡಿಸಿದ್ದು ರಿಂಗಣ್ಣನವರೇ. ಬೇರೆಯವರಿಗೆ ಬಿಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ, ಗಿಣಿಯ ಮನೆಗೆ ಹೋಗಬೇಕು, ಜೊತೆಗೆ ಬಾ ಎಂದು ನನ್ನನ್ನು ಕರೆದರು. ಬೇಡ ಎಂದು ಅತ್ತಿಗೆಯೂ ನಾನೂ ಹೇಳಿದೆವು. ಕೇಳಲಿಲ್ಲ. ಅವಳ ತಂದೆ ಬಸ್ ಚಾಲಕರು. ಎರಡು ಕೋಣೆಯ ಮನೆಗೆ ಒಂದು ಬಿರುಕೂ ಬಿದ್ದಿರಲಿಲ್ಲ. ಬಾಗಿಲಲ್ಲೇ ನಿಂತು ರಿಂಗಣ್ಣ "ಓಡಬೇಡ ಅಂತ ಹೇಳಿಕೊಟ್ಟಿದ್ದು ನಾನು" ಎಂದರು.

ತಂದೆ ನೆಲ ನೋಡುತ್ತಿದ್ದರು. ತಾಯಿ ಒಳಗಿನಿಂದ ಬಂದು ರಿಂಗಣ್ಣನವರನ್ನೇ ದಿಟ್ಟಿಸಿದರು. "ಅವಳು ನಮಗೂ ಹೇಳಿಕೊಟ್ಟಿದ್ಲು. ಆ ಬೀರು ಗೋಡೆಗೆ ಬಿಗಿದಿದ್ದೂ ಅವಳೇ. ಕಣ್ಣೆದುರಿಗೆ ನೋಡೋಕಾಗಲ್ಲ ನಂಗೆ. ಅದನ್ನ ಬಿಚ್ಚಿಬಿಟ್ಟು ಹೋಗಿ."

"ಬೇಡಮ್ಮಾ, ಅದೊಂದು ಇರಲಿ" ಎಂದು ರಿಂಗಣ್ಣ ಕೈ ಮುಗಿದರು.

"ಬಿಚ್ಚಿ ಅಂದೆ."

ತಂದೆ ಸ್ಕ್ರೂಡ್ರೈವರ್ ತಂದುಕೊಟ್ಟರು. ರಿಂಗಣ್ಣ ಸ್ಟೂಲು ಹತ್ತಿ, ಆ ಹುಡುಗಿ ಒರಟೊರಟಾಗಿ ಕೂರಿಸಿದ್ದ ನಾಲ್ಕು ಸ್ಕ್ರೂ ಬಿಚ್ಚಿದರು. ಒಂದು ಸ್ಕ್ರೂ ಕೈ ಜಾರಿ ಕೆಳಗೆ ಬಿತ್ತು, ಹುಡುಕಿ ಎತ್ತಿಕೊಟ್ಟದ್ದು ನಾನು. ಹಿಂತಿರುಗುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಮೇಲೆ "ಆ ಬೀರು ಅಲ್ಲಾಡ್ತಿದೆ ತಂಗಿ. ಅವರು ಅದರ ಪಕ್ಕದಲ್ಲೇ ಮಲಗೋದು" ಎಂದರು.

ಬಿದ್ದ ಕಟ್ಟಡಗಳ ತನಿಖೆಗೆ ಅದೇ ಎಂಜಿನಿಯರಮ್ಮನೂ ಬಂದಿದ್ದರು. ರಿಂಗಣ್ಣ ಆಕೆಯನ್ನು ತಡೆದು ನಿಲ್ಲಿಸಿ ಕೇಳಿದರು.

"ನಿಜ ಹೇಳಿ ತಾಯಿ. ಅರ್ಧ ಮಾಡಿದ್ದಕ್ಕೇ ಬಿತ್ತಾ?"

ಆಕೆ ಓರೆಯಾಗಿ ನಿಂತ ಕಂಬಗಳ ಕಡೆ ನೋಡಿದರು. "ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದ್ರೆ ಕಟ್ಟಡ ತಿರುಚಿಕೊಳ್ಳುತ್ತೆ. ತಿರುಚಿಕೊಂಡಿದ್ದು ನಿಜ."

"ಹಾಗಾದ್ರೆ ಮುಟ್ಟದೇ ಬಿಟ್ಟಿದ್ರೆ ನಿಲ್ತಿತ್ತಾ?"

"ಹೇಳೋಕಾಗಲ್ಲ ಯಜಮಾನ್ರೇ. ಆಗಲೂ ಬೀಳ್ತಿತ್ತೇನೋ. ಹನ್ನೆರಡೂ ಕಂಬ ಬಿದ್ದಿದ್ರೆ ಇನ್ನೂ ಜನ ಹೋಗ್ತಿದ್ರೇನೋ. ನಂಗೆ ಗೊತ್ತಿಲ್ಲ."

ಅದಕ್ಕೇ ಬಿತ್ತು ಅಂದಿದ್ದರೂ ರಿಂಗಣ್ಣ ತಡೆದುಕೊಳ್ಳುತ್ತಿದ್ದರು, ಇಲ್ಲ ಅಂದಿದ್ದರೂ. ಗೊತ್ತಿಲ್ಲ ಎಂಬುದು ಅವರನ್ನು ಒಳಗೊಳಗೇ ತಿಂದುಹಾಕಿತು. ತನಿಖೆಯವರ ಮುಂದೆ ಅವರು ತಮ್ಮ ತಪ್ಪನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ಗುಮಾಸ್ತ ಎರಡು ಸಾಲು ಬರೆದುಕೊಂಡು ಸಹಿ ಹಾಕಿಸಿಕೊಂಡ. ಸಭೆಯಲ್ಲಿ ಅವರು ಮೊದಲೇ ಎಚ್ಚರಿಸಿದ್ದರು ಎಂದು ನಾನು ಹೇಳಿದಾಗ ಸಂಘದ ಪುಸ್ತಕ ಕೇಳಿದರು. ಪುಸ್ತಕ ಅವಶೇಷದಡಿಯಿತ್ತು. ಸಿಕ್ಕಿದ್ದರೂ ಅದರಲ್ಲಿ ನೀರಿನ ಟ್ಯಾಂಕಿನ ವಿಷಯ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ವರದಿ ಬಂದಾಗ ಕಾರಣದ ಜಾಗದಲ್ಲಿ ಕಂಪನದ ತೀವ್ರತೆ ಎಂದಷ್ಟೇ ಇತ್ತು. ಅವರನ್ನು ಯಾರೂ ಶಿಕ್ಷಿಸಲಿಲ್ಲ. "ಜೈಲಿಗಾದ್ರೂ ಹಾಕ್ಬಾರ್ದಿತ್ತಾ ಇವರು" ಎಂದು ಒಮ್ಮೆ ಗೊಣಗಿದರು.

ಊರಾಚೆ ನಿರಾಶ್ರಿತರಿಗೆ ಹಾಕಿದ ತಗಡಿನ ಶೆಡ್ಡುಗಳಲ್ಲಿ ಗಂಡ ಹೆಂಡತಿಗೆ ಒಂದು ಸಿಕ್ಕಿತು. ಅಕ್ಕಪಕ್ಕದವರು "ರಿಂಗಣ್ಣ, ನಮಗೂ ಹೇಳಿಕೊಡಿ, ಮತ್ತೆ ಬಂದ್ರೆ ಏನು ಮಾಡ್ಬೇಕು?" ಎಂದು ಕೇಳಿಕೊಂಡು ಬಂದರೆ, ಅವರು ಎದ್ದು ಆಚೆ ಹೋಗಿಬಿಡುತ್ತಿದ್ದರು. ಕೂತ್ಕೋ ಅನ್ನಲು ಬಾಯಿ ಬರುತ್ತಿರಲಿಲ್ಲ, ಓಡಿ ಅನ್ನಲೂ ಬಾಯಿ ಬರುತ್ತಿರಲಿಲ್ಲ. ಅತ್ತಿಗೆಯೇ ಅವರಿಗೆ ಗೊತ್ತಿದ್ದಷ್ಟು ಹೇಳಿ ಕಳಿಸುತ್ತಿದ್ದರು. ಕಾಂಕ್ರೀಟಿನ ಸೂರಿನಡಿ ಕಾಲಿಡುವುದನ್ನೂ ಬಿಟ್ಟರು. ಅಂಚೆ ಕಚೇರಿಯ ಕೆಲಸವಿದ್ದರೆ ಹೊರಗೆ ನಿಂತು ಅತ್ತಿಗೆಯನ್ನು ಒಳಗೆ ಕಳಿಸುವರು.

ಎರಡು ವರ್ಷ ಹಾಗೇ ಸಾಗಿತು. ಕಳೆದ ಚಳಿಗಾಲದಲ್ಲಿ ಉಸಿರಾಟ ಕೆಟ್ಟಿತು. ಸಿಮೆಂಟಿನ ಧೂಳು ಕುಡಿದ ಶ್ವಾಸಕೋಶ ಎಂದರು ಡಾಕ್ಟರು. ಆಸ್ಪತ್ರೆಯವರೆಗೆ ಬಂದರು, ವಾರ್ಡಿಗೆ ಬರಲು ಒಪ್ಪಲಿಲ್ಲ. ಅತ್ತಿಗೆ ಗದರಿದರು, ಅತ್ತರು, ನಾನು ಕಾಲು ಹಿಡಿದುಕೊಂಡೆ. "ಈ ಕಂಬ ಕಟ್ಟಿದೋನು ಯಾರು ಅಂತ ಕೇಳ್ಕೊಂಡು ಬನ್ನಿ, ಆಮೇಲೆ ಬರ್ತೀನಿ" ಎಂದರು. ಕೊನೆಗೆ ಅಂಗಳದ ಕಡೆಗಿನ ತಗಡಿನ ಚಾವಣಿಯ ಕೆಳಗೆ ಮಂಚ ಹಾಕಿ, ಅಲ್ಲಿಗೇ ಆಮ್ಲಜನಕದ ಸಿಲಿಂಡರು ಉರುಳಿಸಿಕೊಂಡು ಬಂದರು. ಆ ಚಳಿಯಲ್ಲಿ ನಾಲ್ಕು ದಿನ. ಐದನೇ ದಿನ ಮಧ್ಯಾಹ್ನ ಅತ್ತಿಗೆ ಚಮಚದಲ್ಲಿ ನೀರು ಹಾಕುತ್ತಿದ್ದಾಗ ಹೋಗಿಬಿಟ್ಟರು. ನೀರು ಬಾಯಿಂದ ಆಚೆ ಬಂದದ್ದನ್ನು ಸೆರಗಿನಿಂದ ಒರೆಸಿ, ಅತ್ತಿಗೆ ಇನ್ನೊಂದು ಚಮಚ ತುಂಬಿದರು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ.

ಅತ್ತಿಗೆ ಈಗ ತಂಗಿಯ ಮನೆಯಲ್ಲಿದ್ದಾರೆ. ನೆಲ ಅಲುಗದ ಊರು ಅದು ಎನ್ನುತ್ತಾರೆ. ಭಾನುವಾರ ಫೋನು ಮಾಡುತ್ತಾರೆ. ನಾನು ಬಾಡಿಗೆಗೆ ಹಿಡಿದ ಮನೆ ಹೇಗಿದೆ ಎಂದು ಕಳೆದ ವಾರ ಕೇಳಿದರು. ಗಾಳಿ ಬೆಳಕು ಚೆನ್ನಾಗಿದೆ ಎಂದೆ.

"ಯಾರು ಕಟ್ಟಿದ್ದಂತೆ?"

"ಗೊತ್ತಿಲ್ಲ ಅತ್ತಿಗೆ."

ಅವರು ಮಾತು ತಿರುಗಿಸಿ, ಊಟ ಆಯ್ತಾ ಎಂದು ಕೇಳಿದರು.